ಅಪ್ಪಯ್ಯ ಕೇಳಿದ ಒಂದೇ ಪ್ರಶ್ನೆ

ಫ್ಲಾರಿಡಾ ಡೈರಿ, ಭಾಗ 6

ಮೊದಲ ಫೋಟೋದಲ್ಲಿರೋ ಒರಟು ಕೈಗಳು ನಮ್ಮ ಅಪ್ಪಯ್ಯಂದು. ನೀರಲ್ಲಿ ಅರ್ಧ ಮುಳುಗಿರೋದು ಸ್ನೂಕ್ ಮೀನು, ಮೈಯುದ್ದಕ್ಕೂ ಒಂದು ಕಪ್ಪು ಗೆರೆ. ಫೋಟೋ ತೆಗೆದ ಕೂಡಲೇ ಅದನ್ನ ಬಿಟ್ಟುಬಿಟ್ರು. ಯಾಕೆ ಅಂತ ಹೇಳ್ತೀನಿ, ಕ್ಯಾಪ್ಷನ್ ಸ್ವಲ್ಪ ಉದ್ದ ಇದೆ.

ಗಂಗೊಳ್ಳಿಯ ಟ್ರಾಲ್ ಬೋಟುಗಳಲ್ಲಿ 30 ವರ್ಷ ದುಡಿದು ಅಪ್ಪಯ್ಯ ನನ್ನನ್ನು ಟ್ಯಾಂಪಾ ತನಕ ಓದೋಕೆ ಕಳಿಸಿದ್ರು. ಆದ್ರೆ ಒಂದು ದಿನಕ್ಕೂ ನನ್ನನ್ನ ಬೋಟ್ ಹತ್ತಿಸಿರಲಿಲ್ಲ. ಮೇ ತಿಂಗಳಲ್ಲಿ ನನ್ನ ಕಾನ್ವೊಕೇಶನ್‌ಗೆ ಬಂದಾಗ, ಈ ಸಲ ನಾನೇ ಅವರನ್ನ ಕಡಲಿಗೆ ಕರ್ಕೊಂಡು ಹೋಗ್ಬೇಕು ಅನ್ನಿಸ್ತು.

ಇಲ್ಲಿ ಅದಕ್ಕೆ ಚಾರ್ಟರ್ ಅಂತಾರೆ. ಬೋಟು, ಗಾಳ, ಕ್ಯಾಪ್ಟನ್ ಎಲ್ಲ ಸೇರಿ ಅರ್ಧ ದಿನಕ್ಕೋ ಇಡೀ ದಿನಕ್ಕೋ ಬಾಡಿಗೆ. ನಾನು ಮಾಡಿದ ತಪ್ಪು ಏನ್ ಗೊತ್ತಾ? ಯಾರ ಪೇಜಲ್ಲಿ ಸತ್ತ ಮೀನಿನ ಸಾಲು ದೊಡ್ಡದೋ ಅವರಿಗೇ ಮೊದಲು ಫೋನ್ ಮಾಡಿದೆ. "ಮೀನು ಗ್ಯಾರಂಟಿ, ಮಳೆ ಬಂದ್ರೆ ಅಡ್ವಾನ್ಸ್ ವಾಪಸ್ ಇಲ್ಲ" ಅಂದ್ರು. ಬುಕ್ ಮಾಡೋದರಲ್ಲಿದ್ದೆ. ಪಕ್ಕದಲ್ಲಿದ್ದ ಅಪ್ಪಯ್ಯ ಒಂದೇ ಪ್ರಶ್ನೆ ಕೇಳಿದ್ರು: "ಗಾಳಿ ಎದ್ರೆ ತಿರ್ಗಿ ಹ್ವಾಪ ಅಂದೇಳಿ ಹೇಳುದ್ ಯಾರ್?"

ನನ್ನ ಹತ್ರ ಉತ್ತರ ಇರಲಿಲ್ಲ. ಫೋನ್ ಇಟ್ಟೆ.

ಆಮೇಲೆ ಸರಿಯಾಗಿ ವಿಚಾರಿಸಿದೆ. ನೀವೂ ಅಪ್ಪ ಅಮ್ಮನನ್ನ ಕರ್ಕೊಂಡು ಹೋಗೋದಾದ್ರೆ ಇದನ್ನ ಸೇವ್ ಮಾಡ್ಕೊಳ್ಳಿ:

👉 ಕ್ಯಾಪ್ಟನ್‌ಗೆ ಕೋಸ್ಟ್ ಗಾರ್ಡ್ ಲೈಸೆನ್ಸ್ ಇದ್ಯಾ? ಸಣ್ಣ ಬೋಟಿನ ಸಾಮಾನ್ಯ ಲೈಸೆನ್ಸಲ್ಲಿ ದುಡ್ಡು ಕೊಟ್ಟು ಬರೋರು 6 ಜನಕ್ಕಿಂತ ಹೆಚ್ಚು ಇರೋ ಹಾಗಿಲ್ಲ. ಫ್ಲಾರಿಡಾದ ಚಾರ್ಟರ್ ಲೈಸೆನ್ಸ್ ಇದ್ರೆ ನಾವು ಬೇರೆ ಮೀನುಗಾರಿಕೆ ಲೈಸೆನ್ಸ್ ತಗೋಬೇಕಿಲ್ಲ.

👉 ಕೊಲ್ಲಿಯೊಳಗೋ, ಹೊರಗಡಲಿಗೋ? ಈ ಪಶ್ಚಿಮ ಕರಾವಳಿಯಲ್ಲಿ ಕಡಲು ಬಹಳ ದೂರದ ತನಕ ಆಳ ಇಲ್ಲ. 4 ಗಂಟೆ ಟ್ರಿಪ್‌ನಲ್ಲಿ ಆಳಕ್ಕೆ ಹೋಗ್ತೀವಿ ಅಂದ್ರೆ ಅರ್ಧ ಹೊತ್ತು ಓಡೋದ್ರಲ್ಲೇ ಮುಗಿಯುತ್ತೆ.

👉 ಎರೆ, ಐಸು, ಮೀನು ಕೊಯ್ದು ಕೊಡೋದು ಬಾಡಿಗೆಯಲ್ಲೇ ಬರುತ್ತಾ? ಟಿಪ್ ಬೇರೆ, 15ರಿಂದ 20 ಪರ್ಸೆಂಟ್ ವಾಡಿಕೆ. ಬೋಟಲ್ಲಿ ಟಾಯ್ಲೆಟ್ ಇದ್ಯಾ ಅಂತ ನಾಚಿಕೆ ಬಿಟ್ಟು ಕೇಳಿ.

👉 ಕೊನೆಗೆ ಅಪ್ಪಯ್ಯನ ಪ್ರಶ್ನೆ.

ಮೂರನೇ ಕ್ಯಾಪ್ಟನ್ ಹೇಳಿದ್ದು: "ನಾನೇ ಹೇಳೋದು. ಹೊರಡೋಕೆ ಮುಂಚೆ ನಾನು ಬೇಡ ಅಂದ್ರೆ ನಿಮ್ಮ ಅಡ್ವಾನ್ಸ್ ಪೂರ್ತಿ ವಾಪಸ್. ಮೀನಿಗೆ ಮಾತ್ರ ಗ್ಯಾರಂಟಿ ಇಲ್ಲ." ಅಪ್ಪಯ್ಯ ತಲೆ ಆಡಿಸಿದ್ರು.

ಟ್ಯಾಂಪಾ ಕೊಲ್ಲಿಯ ಕಾಂಡ್ಲಾ ಗಿಡಗಳ ಬುಡದಲ್ಲಿ ಅಪ್ಪಯ್ಯನ ಗಾಳಕ್ಕೆ ಆ ಸ್ನೂಕ್ ಬಿತ್ತು. ಇಲ್ಲಿ ಮೇ 1ರಿಂದ ಆಗಸ್ಟ್ 31ರ ತನಕ ಅದನ್ನ ಇಟ್ಕೊಳ್ಳೋ ಹಾಗಿಲ್ಲ ಅಂತ ಕ್ಯಾಪ್ಟನ್ ಅಂದ್ರು. ಬೇಜಾರಾಗ್ತಾರೇನೋ ಅಂದ್ಕೊಂಡೆ. "ನಮ್ಮಲ್ಲೂ ಜೂನ್ 1ರಿಂದ ಜುಲೈ 31, ಬೋಟ್ ಕಟ್ಟಿ ಇಡುದೇ" ಅಂತ ನಗ್ತಾ, ಮೀನನ್ನ ನೀರಲ್ಲೇ ಹಿಡಿದು ಬಿಟ್ಟುಕೊಟ್ರು.

ಇನ್ನೂ ಒಂದು ಗಂಟೆ ಬಾಕಿ ಇತ್ತು. ದೂರದಲ್ಲಿ ಮೋಡ ಕಪ್ಪಾಯ್ತು. ಕ್ಯಾಪ್ಟನ್ ಯಾರನ್ನೂ ಕೇಳದೆ ಬೋಟು ತಿರುಗಿಸಿದ್ರು.

ವಾಪಸ್ ಬರ್ತಾ ಅಪ್ಪಯ್ಯ ಮೊದಲ ಸಲ ಆ ಕಥೆ ಹೇಳಿದ್ರು. ನಾನು ಮೂರನೇ ಕ್ಲಾಸಲ್ಲಿದ್ದಾಗ ಒಂದು ಸಲ ಗಾಳಿ ಎದ್ದಿತ್ತಂತೆ. ಡೀಸೆಲ್ ದುಡ್ಡಾದ್ರೂ ಹುಟ್ಟಲಿ ಅಂತ ಅವರ ಬೋಟು ತಿರುಗಲಿಲ್ಲ. ಹೋದ ಏಳು ಜನರಲ್ಲಿ ಆರು ಜನ ಮನೆಗೆ ಬಂದ್ರು. ನನ್ನನ್ನ ಬೋಟ್ ಹತ್ತಿಸದೇ ಇದ್ದದ್ದು ಅದಕ್ಕೇ.

ಜೆಟ್ಟಿಯಲ್ಲಿ ಇಳಿದ ಮೇಲೆ ಅಪ್ಪಯ್ಯ ಕ್ಯಾಪ್ಟನ್ ಕೈಯನ್ನ ಎರಡೂ ಕೈಯಲ್ಲಿ ಹಿಡ್ಕೊಂಡ್ರು. ಆಮೇಲೆ ನನ್ನ ಕಡೆ ತಿರುಗಿ, "ತಾಂಡೇಲ ಅಂದ್ರೆ ಇವ" ಅಂದ್ರು.

ಮನೆಗೆ ಒಂದು ಮೀನೂ ತರಲಿಲ್ಲ. ನಿಮ್ಮ ಅಪ್ಪ ಇನ್ನೂ ನಿಮಗೆ ಹೇಳದ ಕಥೆ ಯಾವುದು, ಒಂದ್ಸಲ ಕೇಳಿ ನೋಡಿ.

#ಫ್ಲಾರಿಡಾಡೈರಿ #ಅಪ್ಪಯ್ಯ #ಗಂಗೊಳ್ಳಿ