ಹೆಸರು ಎಲ್ಲಿ ಕೂರುತ್ತದೆ: ಕೆಲವು ಟಿಪ್ಪಣಿಗಳು

1
ಶಿವಮೊಗ್ಗ ಜಿಲ್ಲೆಯ ರಿಪ್ಪನ್‌ಪೇಟೆಗೆ ಒಬ್ಬ ವೈಸ್‌ರಾಯ್ ಹೆಸರು. ಲಾರ್ಡ್ ರಿಪ್ಪನ್, 1880ರಿಂದ 1884. ಪೇಟೆಯ ಅಂಗಡಿಗಳಲ್ಲಿ ಮೈಸೂರು ಸ್ಯಾಂಡಲ್ ಸೋಪು ಸಿಗುತ್ತದೆ. ಪೊಟ್ಟಣದ ಮೇಲೆ ಶರಭ: ಆನೆಯ ತಲೆ, ಸಿಂಹದ ಮೈ. ಗಂಧದೆಣ್ಣೆ ತೆಗೆದವರ ಹೆಸರು ಅದರ ಮೇಲಿಲ್ಲ.

2
1914ರ ತನಕ ಮೈಸೂರು ಸಂಸ್ಥಾನದ ಗಂಧದ ಕೊರಡು ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುತ್ತಿದ್ದುದು ಅಲ್ಲಿ. ಯುದ್ಧ ಶುರುವಾಯಿತು, ಕೊರಡು ಇಲ್ಲೇ ಉಳಿಯಿತು.

ಬೆಂಗಳೂರಿನಲ್ಲಿ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ವಿಜ್ಞಾನ ಸಂಸ್ಥೆಯಿತ್ತು. ಅಲ್ಲಿನ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಗಂಧದ ಚೂರಿನಿಂದ ಎಣ್ಣೆ ಬಟ್ಟಿ ಇಳಿಸಿದರು. 1916ರ ಮಾತು. 1918ಕ್ಕೆ ಸೋಪು ಬಂತು.

ಸೋಪಿನ ಹಿಂದೆ ಇದ್ದವರು ಸೋಸಲೆ ಗರಳಪುರಿ ಶಾಸ್ತ್ರಿ. ಇಂಗ್ಲೆಂಡಿಗೆ ಹೋಗಿ ಕಲಿತು ಬಂದವರು. ಅವರಿಗೆ ‘ಸೋಪ್ ಶಾಸ್ತ್ರಿ’ ಎಂಬ ಹೆಸರು ಬಿತ್ತು. ಅದು ಯಾವ ಸಭೆಯಲ್ಲೂ ಕೊಟ್ಟ ಬಿರುದಲ್ಲ, ಶಾಲು ಹೊದಿಸಿ ಹೇಳಿದ್ದಲ್ಲ. ಆದರೂ ನೂರು ವರ್ಷ ಬಾಳಿದೆ.

3
1944ರಲ್ಲಿ ಶಿವಮೊಗ್ಗದಲ್ಲೂ ಗಂಧದೆಣ್ಣೆ ಕಾರ್ಖಾನೆ.

4
ಟಾಟಾ ಇನ್‌ಸ್ಟಿಟ್ಯೂಟಿನ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್. 1898ರಲ್ಲಿ ಲಂಡನ್ನಿನಲ್ಲಿ ವಿಲಿಯಂ ರ್ಯಾಮ್ಸೆ ಜೊತೆ ಸೇರಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಕಂಡುಹಿಡಿದವರು. ಆರ್ಗಾನ್, ಹೀಲಿಯಂ ಸೇರಿಸಿ ಗಾಳಿಯ ಈ ಅನಿಲಗಳಿಗೆ 1904ರ ರಸಾಯನಶಾಸ್ತ್ರದ ನೊಬೆಲ್ ಬಂತು. ರ್ಯಾಮ್ಸೆ ಒಬ್ಬರಿಗೆ.

5
ಗಂಧದ ಮರ ಒಂಟಿಯಾಗಿ ಸರಿಯಾಗಿ ಬೆಳೆಯುವುದಿಲ್ಲ. ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿ ಅಲ್ಲಿಂದ ಹೀರುತ್ತದೆ.

6
ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ, 1977. ‘ಪ್ರಮಾಣ’ ಎಂಬ ನಮ್ಮದೇ ಪತ್ರಿಕೆಯಲ್ಲಿ ಒಂದು ಲೇಖನ. ಮೂರು ಹೆಸರು: ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್.

ದ್ರವದಂತೆ ಹರಿದರೂ ಸ್ಫಟಿಕದಂತೆ ಅಣುಗಳು ಕ್ರಮವಾಗಿ ನಿಲ್ಲುವ ದ್ರವಸ್ಫಟಿಕಕ್ಕೆ ಕಡ್ಡಿಯಂಥ ಅಣು ಬೇಕೆಂದೇ ಅಲ್ಲಿಯವರೆಗಿನ ತಿಳಿವಳಿಕೆ. ಇವರು ತೋರಿಸಿದ್ದು ಬಿಲ್ಲೆಯಂಥ ಅಣು. ನಡುವೆ ಬೆಂಜೀನ್ ಉಂಗುರ, ಸುತ್ತ ಆರು ಉದ್ದನೆಯ ಸರಪಳಿ. ಅಡಿಕೆ ಹಾಳೆಯ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ಅಣುಗಳು ಕಂಬವಾಗಿ ನಿಲ್ಲುತ್ತವೆ. ಈ ಸ್ಥಿತಿ ಉಳಿಯುವುದು ಕೆಲವೇ ಡಿಗ್ರಿ ಬಿಸಿಯ ಅಂತರದಲ್ಲಿ. ಪದಾರ್ಥದಲ್ಲಿ ಕಲ್ಮಶ ಉಳಿದಿದ್ದರೆ ಕಾಣದೆಯೇ ಹೋಗಬಹುದಿತ್ತು.

ಚಂದ್ರಶೇಖರ್ ಭೌತವಿಜ್ಞಾನಿ. ರಸಾಯನಶಾಸ್ತ್ರಜ್ಞ ಸದಾಶಿವ. ಅಣು ಕಟ್ಟುವುದು, ಶುದ್ಧ ಮಾಡುವುದು ರಸಾಯನಶಾಸ್ತ್ರದ ಕೆಲಸ. ಆ ಹೆಸರನ್ನು ನಿಧಾನವಾಗಿ ಇನ್ನೊಮ್ಮೆ ಬರೆಯಬೇಕೆನಿಸುತ್ತದೆ: ಬಿ.ಕೆ. ಸದಾಶಿವ.

1994ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ರಾಯಲ್ ಪದಕ ಚಂದ್ರಶೇಖರ್ ಅವರಿಗೆ ಬಂತು. ಪದಕಕ್ಕೆ ಒಂದೇ ಕೊರಳು.

7
ಕಡ್ಡಿ ಅಣುವಿನ ದ್ರವಸ್ಫಟಿಕ 1888ರಷ್ಟು ಹಳೆಯದು. ಪ್ರಾಗ್‌ನಲ್ಲಿ ರೈನಿಟ್ಸರ್ ಎಂಬ ಸಸ್ಯವಿಜ್ಞಾನಿ ಕ್ಯಾರೆಟ್‌ನಿಂದ ತೆಗೆದ ಪದಾರ್ಥದ ಬೆನ್ನು ಹತ್ತಿದ್ದರು. ಅದರ ನೆಂಟ ಪದಾರ್ಥವೊಂದು ಎರಡು ಸಲ ಕರಗಿತು: 145.5 ಡಿಗ್ರಿಗೆ ಮಂಕಾಗಿ, 178.5ಕ್ಕೆ ತಿಳಿಯಾಗಿ.

8
2013ರ ನವೆಂಬರ್ 16. ಒಂದೇ ದಿನ ಇಬ್ಬರಿಗೆ ಭಾರತರತ್ನ ಘೋಷಣೆ: ರಸಾಯನಶಾಸ್ತ್ರಜ್ಞ ಸಿ.ಎನ್.ಆರ್. ರಾವ್, ಕ್ರಿಕೆಟಿಗ ಸಚಿನ್ ತೆಂಡೂಲ್ಕರ್. ರಾವ್ ಬೆಂಗಳೂರಿನ ಬಸವನಗುಡಿಯಲ್ಲಿ 1934ರಲ್ಲಿ ಹುಟ್ಟಿದವರು. ಪ್ರಬಂಧಗಳು 1500ಕ್ಕೂ ಹೆಚ್ಚು. ಬಹುಪಾಲು ಪ್ರಬಂಧಗಳಲ್ಲಿ ಅವರ ಪಕ್ಕದಲ್ಲಿ ಇನ್ನೂ ಹೆಸರುಗಳಿವೆ. ಆ ಹೆಸರುಗಳನ್ನೆಲ್ಲ ಒಂದೆಡೆ ಬರೆದರೆ ಎಷ್ಟು ಪುಟ ಬೇಕಾದೀತು?

9
ಭಟ್ನಾಗರ್ ಹೆಸರಿನ ವಿಜ್ಞಾನ ಪ್ರಶಸ್ತಿ 45 ವರ್ಷದೊಳಗಿನವರಿಗೆ. ಶಾಂತಿ ಸ್ವರೂಪ್ ಭಟ್ನಾಗರ್ ಕೂಡ ರಸಾಯನಶಾಸ್ತ್ರಜ್ಞರು.

10
2024ರಲ್ಲಿ ಮೊದಲ ಸಲ ಕೊಟ್ಟ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದಲ್ಲಿ ತಂಡಕ್ಕೂ ಒಂದು ಪ್ರಶಸ್ತಿ ಇದೆ. ಮೊದಲ ವರ್ಷ ಚಂದ್ರಯಾನ-3ರ ತಂಡಕ್ಕೆ. ಮರುವರ್ಷ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ (ಸಿ.ಎಸ್.ಐ.ಆರ್.) ಅರೋಮಾ ಮಿಷನ್ ತಂಡಕ್ಕೆ. ಅವರ ಕೆಲಸ: ಲ್ಯಾವೆಂಡರ್‌ನಂಥ ಬೆಳೆಯನ್ನು ರೈತರ ಹೊಲಕ್ಕೆ ಮುಟ್ಟಿಸಿ, ಅದರಿಂದ ಸುಗಂಧದ ಎಣ್ಣೆ ಬಟ್ಟಿ ಇಳಿಸುವುದು.