ಖಿದಿರ್‌ಪುರದ ರೆಫ್ರಿ

ಡಿಗ್ರಿ ಮುಗಿದ ಮೇಲೆ ಬ್ಯಾಸ್ಕೆಟ್‌ಬಾಲ್ ಕಟ್ಟಿಕೊಂಡು ಏನು ಮಾಡಲಿ ಅಂತ ಬೆಳಿಗ್ಗೆ ನಿಮ್ಮಮ್ಮನ ಹತ್ತಿರ ಗೊಣಗುತ್ತಿದ್ದೆಯಲ್ಲ ಪುಟ್ಟಿ, ಅದನ್ನು ಕೇಳಿ ನನಗೆ ಕೋಲ್ಕತ್ತದ ಖಿದಿರ್‌ಪುರ ನೆನಪಾಯಿತು. ಅಲ್ಲಿಯದು ಬ್ಯಾಸ್ಕೆಟ್‌ಬಾಲ್ ಅಲ್ಲ, ಬಾಕ್ಸಿಂಗ್. ಇರಲಿ, ಕೇಳು.

2012ರ ಚಳಿಗಾಲ, ನಾನಿನ್ನೂ ಕೋಲ್ಕತ್ತದಲ್ಲಿದ್ದೆ. ಲಂಡನ್ ಒಲಿಂಪಿಕ್ಸಿನಲ್ಲಿ ಮೊದಲ ಸಲ ಹೆಂಗಸರಿಗೂ ಬಾಕ್ಸಿಂಗ್ ಇಟ್ಟಿದ್ದರು. ಮೇರಿ ಕೋಮ್ 51 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದಿದ್ದರು. ಖಿದಿರ್‌ಪುರದ ಹಡಗು ಡಾಕಿಗೆ ಆಗಲೇ ನೂರಿಪ್ಪತ್ತು ವರ್ಷ. ಬೀದಿ ತುಂಬ ಟ್ರಕ್ಕು, ಕಬಾಬಿನ ಹೊಗೆ, ಫ್ಯಾನ್ಸಿ ಮಾರ್ಕೆಟ್ಟಿನ ವಿದೇಶಿ ಸಾಮಾನು. ಎಸ್ಪ್ಲನೇಡಿನಿಂದ ಟ್ರಾಮು ಮೈದಾನ ಬಳಸಿ, ಕುಲುಕುತ್ತಾ ಅಲ್ಲಿಗೆ ಬರುತ್ತಿತ್ತು. ನಮ್ಮ ಆಫೀಸಿನ ಹಿರಿಯ ಗುಮಾಸ್ತರೊಬ್ಬರು ಅದೇ ಕಡೆಯವರು. ‘ನಮ್ಮ ಮೊಹಲ್ಲಾದ ಹುಡುಗಿಯರನ್ನು ನೋಡಬೇಕು ನೀವು’ ಅಂತ ಒಂದು ಸಂಜೆ ಬಾಕ್ಸಿಂಗ್ ಅಭ್ಯಾಸ ನಡೆಯುವಲ್ಲಿಗೆ ಕರೆದುಕೊಂಡು ಹೋದರು.

ಬುರ್ಖಾದಲ್ಲಿ ಬಂದ ಹುಡುಗಿಯರು ಅದನ್ನು ಕಳಚಿ, ಮಡಿಚಿಟ್ಟು, ಕೈಗೆ ಪಟ್ಟಿ ಸುತ್ತಿಕೊಂಡು ಗ್ಲೌಸ್ ಹಾಕಿದರು. ಒಬ್ಬಳಿಗಂತೂ ಹದಿಮೂರು ಮೀರಿರಲಿಲ್ಲ. ಅವಳು ಮರಳುಚೀಲಕ್ಕೆ ಕೊಟ್ಟ ಗುದ್ದಿಗೆ ನಾನು ನಿಂತಲ್ಲೇ ಒಂದು ಹೆಜ್ಜೆ ಹಿಂದೆ ಸರಿದೆ. ಗುಮಾಸ್ತರು ನಕ್ಕೇ ನಕ್ಕರು.

ಅವತ್ತು ಚಹಾ ಕುಡಿಯುತ್ತಾ ಅವರು ಹೇಳಿದ್ದು ರಜಿಯಾ ಶಬ್ನಮ್ ವಿಷಯ. ಪಕ್ಕದ ಇಕ್ಬಾಲ್‌ಪುರದ ಹುಡುಗಿ. ತೊಂಬತ್ತರ ದಶಕದ ಕೊನೆಗೆ ರಿಂಗಿಗೆ ಇಳಿದಾಗ ನೆಂಟರಿಷ್ಟರದು ಒಂದೇ ರಾಗ: ಮೂಗು ಮುರಿದರೆ ಮದುವೆಯಾಗುವವರು ಯಾರು? ರಜಿಯಾ ಆಡಿದರು. ನಿಜ ಹೇಳಬೇಕೆಂದರೆ ಅವರ ಹೆಸರು ಉಳಿದದ್ದು ಪದಕದಿಂದಲ್ಲ. ಆಡಿದ ಮೇಲೆ ಕೋಚ್ ಆದರು, ರೆಫ್ರಿ ಆದರು. ಅಂತರರಾಷ್ಟ್ರೀಯ ಮಟ್ಟದಲ್ಲಿ ರೆಫ್ರಿಯಾದ ನಮ್ಮ ದೇಶದ ಮೊದಮೊದಲ ಹೆಂಗಸರಲ್ಲಿ ಅವರೂ ಒಬ್ಬರು. ರೆಫ್ರಿಯ ಬಾಯಲ್ಲಿ ಇರುವುದು ಮೂರೇ ಮಾತು, ಸ್ಟಾಪ್, ಬಾಕ್ಸ್, ಬ್ರೇಕ್. ಸ್ಟಾಪ್ ಅಂತ ಬಿತ್ತೆಂದರೆ ಎಂಥ ಗಟ್ಟಿಗನೂ ಗುದ್ದು ನಿಲ್ಲಿಸಲೇಬೇಕು. ಇಕ್ಬಾಲ್‌ಪುರದ ಗಲ್ಲಿಯಲ್ಲಿ ಹೆಣ್ಣುಮಗಳ ಮಾತಿಗೆ ಅಷ್ಟು ಬೆಲೆ ಕೊಟ್ಟವರು ಯಾರಿದ್ದರು ಅಂತೀಯ?

ಕಾಳಿಘಾಟಿನಲ್ಲಿ ‘ನ್ಯೂ ಲೈಟ್’ ಅಂತ ಒಂದು ಸಂಸ್ಥೆ ಇದೆ, ಊರ್ಮಿ ಬಸು ಕಟ್ಟಿದ್ದು. ಅಲ್ಲಿ ಸೂಳೆಗೇರಿಯಲ್ಲಿ ಹುಟ್ಟಿದ ಮಕ್ಕಳಿಗೆ ಆಸರೆ ಕೊಡುತ್ತಾರೆ. ಆ ಹೆಣ್ಣುಮಕ್ಕಳಿಗೂ ರಜಿಯಾ ಬಾಕ್ಸಿಂಗ್ ಹೇಳಿಕೊಟ್ಟರು. ಆ ಮಕ್ಕಳಿಗೆ ಗಾರ್ಡ್ ಎತ್ತಿ ನಿಲ್ಲುವುದನ್ನು ಕಲಿಸುವುದು ಬರೀ ಆಟದ ಪಾಠ ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ಮುಂದೆ ಅಲ್ಕಾ ರಘುರಾಮ್ ಅನ್ನುವವರು ರಜಿಯಾರನ್ನೂ ಅವರ ಶಿಷ್ಯೆಯರನ್ನೂ ಇಟ್ಟುಕೊಂಡು ‘ಬುರ್ಖಾ ಬಾಕ್ಸರ್ಸ್’ ಅಂತ ಸಾಕ್ಷ್ಯಚಿತ್ರ ಮಾಡಿದರು. ಗುಮಾಸ್ತರಿಗೆ ಆ ಹೆಸರು ಅಷ್ಟು ಹಿಡಿಸಲಿಕ್ಕಿಲ್ಲ. ಅವತ್ತು ನಾನು ಬುರ್ಖಾದ ಬಗ್ಗೆ ಏನೋ ಕೇಳಹೋದರೆ, ‘ಅದು ಬಿಡಿ ಸಾಹೇಬರೇ, ಆ ಚಿಕ್ಕ ಹುಡುಗಿಯ ಎಡಗೈ ನೋಡಿದಿರಾ?’ ಅಂತ ನನ್ನ ಬಾಯಿ ಮುಚ್ಚಿಸಿದ್ದರು.