ಗೆರೆಯ ಹೊರಗೆ ನಿಂತ ಅಬ್ಬಾ

ಏಳನೇ ತರಗತಿಯಲ್ಲಿದ್ದಾಗ ನನ್ನ ಮಗಳು ಖೋ ಖೋ ಬಿಟ್ಟಳು. ಬಿಡಿಸಿದವನು ನಾನೇ.

2024ರ ಹೋಬಳಿ ಮಟ್ಟದ ಪಂದ್ಯ, ಕೊಳ್ಳೇಗಾಲದಲ್ಲಿ. ಬೆನ್ನಟ್ಟುತ್ತಿದ್ದವಳು ಆವೇಶದಲ್ಲಿ ಹಿಂದಕ್ಕೆ ತಿರುಗಿಬಿಟ್ಟಳು. ಒಮ್ಮೆ ಹಿಡಿದ ದಿಕ್ಕನ್ನು ಕಂಬ ದಾಟುವವರೆಗೆ ಬದಲಿಸುವಂತಿಲ್ಲ. ಸೀಟಿ ಬಿತ್ತು, ಫೌಲ್. ಪಂದ್ಯವೂ ಕೈತಪ್ಪಿತು. ಮೇಷ್ಟ್ರು ಹಣೆ ಚಚ್ಚಿಕೊಂಡರು. ಅವರನ್ನು ಮೀರಿಸುವಂತೆ ಗೆರೆಯ ಹೊರಗಿನಿಂದ ನಾನು ಕೂಗಿದೆ: "ಅಷ್ಟೂ ಗೊತ್ತಾಗಲ್ವೇನೇ ನಿಂಗೆ?" ಸುತ್ತ ನಿಂತವರು ನಕ್ಕರು. ಅವಳು ಅಳಲಿಲ್ಲ. ಮರುದಿನ ಬೆಳಿಗ್ಗೆ ಹೊಟ್ಟೆನೋವು ಎಂದಳು. ಅದರ ಮರುದಿನವೂ. ಹದಿನೈದು ದಿನ ಕಳೆದ ಮೇಲೆ ನಾವು ಕೇಳುವುದನ್ನೇ ಬಿಟ್ಟೆವು.

ನಾಚಿಕೆಯ ವಿಷಯವೆಂದರೆ, ಅಂಥದೇ ನಗುವನ್ನು ನಾನೂ ಉಂಡವನು. ಉರ್ದು ಶಾಲೆ ಮುಗಿಸಿ ಹನೂರಿನ ಹೈಸ್ಕೂಲೊಂದಕ್ಕೆ ಸೇರಿದ ವರ್ಷ 100 ಮೀಟರ್ ಓಟದಲ್ಲಿ ಕೊನೆಯವನಾದೆ. "ಬಂತಪ್ಪಾ ಜಟಕಾ ಗಾಡಿ" ಎಂದರು ಪಿ.ಟಿ. ಮೇಷ್ಟ್ರು. ಆಮೇಲೆ ಆಟದ ಪೀರಿಯಡ್ಡಿನಲ್ಲಿ ಹೊಂಗೆ ಮರದಡಿ ಎಲ್ಲರ ಚೀಲ ಕಾಯುವುದು ನನ್ನ ಕೆಲಸವಾಯಿತು. ನಾನು ಕತೆಗಾರನಾದದ್ದು ಆ ಮರದ ಕೆಳಗೆ ಎಂದು ಅಲ್ಲಲ್ಲಿ ಹೇಳಿಕೊಂಡಿದ್ದೇನೆ. ನನ್ನ ಸಕ್ಕರೆ ಕಾಯಿಲೆಯೂ ಅಲ್ಲೇ ಚಿಗುರಿತೇನೋ!

ಆಟದ ಬಯಲಿಗೂ ಒಂದು ಹವೆ ಇರುತ್ತದೆ ಎನ್ನುತ್ತಾರೆ ಮನೋವಿಜ್ಞಾನಿಗಳು. ಒಂದು ಕಡೆ ಯಾರು ಗೆದ್ದರು ಎಂಬುದಷ್ಟೇ ಲೆಕ್ಕ, ತಪ್ಪಿದವನಿಗೆ ಬೈಗುಳ. ಇನ್ನೊಂದು ಕಡೆ ಮಗುವನ್ನು ಅದರ ನಿನ್ನೆಯ ಆಟದೊಂದಿಗೇ ಹೋಲಿಸುತ್ತಾರೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮೋಲ್ ಮಕ್ಕಳ ಬೇಸ್‌ಬಾಲ್ ತರಬೇತುದಾರರಲ್ಲಿ ಕೆಲವರಿಗೆ, ತಪ್ಪಿದಾಗ ಗದರದೆ ಧೈರ್ಯ ಹೇಳಿ ತಿದ್ದುವುದನ್ನು ಕಲಿಸಿದರು. ಅದರ ಫಲ 1992ರಲ್ಲಿ ಪ್ರಕಟವಾಯಿತು. ಹಳೆಯ ರೀತಿಯವರ ಕೈಕೆಳಗಿದ್ದ ಮಕ್ಕಳಲ್ಲಿ ನೂರಕ್ಕೆ 26 ಮಂದಿ ಮುಂದಿನ ವರ್ಷ ಬರಲೇ ಇಲ್ಲ. ಕಲಿತವರ ಬಳಿ ಬಿಟ್ಟವರು ಐದೇ. ಹಾಗೆಂದು ಗದರದವರ ತಂಡಗಳು ಹೆಚ್ಚು ಸೋಲಲೂ ಇಲ್ಲ.

ಬಿಟ್ಟ ಮಗು ಎಲ್ಲಿಗೆ ಹೋಗುತ್ತದೆ? ನಮ್ಮ ಮನೆಯಲ್ಲಿ ಮೊಬೈಲಿಗೆ ಹೋಯಿತು. ದಿನಕ್ಕೆ ಸರಾಸರಿ ಒಂದು ಗಂಟೆಯಾದರೂ ಮಕ್ಕಳ ಮೈ ಬೆವರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 11ರಿಂದ 17 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 81 ಮಂದಿಗೆ, ಹುಡುಗಿಯರಲ್ಲಂತೂ 85 ಮಂದಿಗೆ, ಅಷ್ಟು ಚಟುವಟಿಕೆ ಇರಲಿಲ್ಲವೆಂಬುದು ಅದು ಜಗತ್ತಿಗೆಲ್ಲ ಹಾಕಿದ 2016ರ ಅಂದಾಜು. ಹುಡುಗಿ ದೊಡ್ಡವಳಾದಳೆಂದು ಮನೆಯವರೇ ಒಳಗೆ ಕರೆದುಕೊಳ್ಳುವ ಊರುಗಳಲ್ಲಿ, ಬಯಲಿಗೆ ಬಂದವಳನ್ನೂ ನಾವು ಬೈದು ಕಳಿಸುತ್ತೇವೆ.

2025ರ ಜನವರಿ 19ರಂದು ದೆಹಲಿಯಲ್ಲಿ ಭಾರತದ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿ ಖೋ ಖೋ ವಿಶ್ವಕಪ್ ಗೆದ್ದರು. ಪಕ್ಕದ ತಿ. ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ ಆ ತಂಡದಲ್ಲಿದ್ದರು. ಆ ವಾರ ನಮ್ಮ ಕಡೆಯ ಅಪ್ಪಂದಿರ ಬಾಯಲ್ಲೆಲ್ಲ ಚೈತ್ರಾ. "ನೋಡು, ಆ ಹುಡುಗಿ..." ಎಂದು ನಾನೂ ಶುರುಮಾಡಿದೆ. ಮಗಳು ರಿಮೋಟ್ ಎತ್ತಿಕೊಂಡು ಚಾನೆಲ್ ಬದಲಿಸಿದಳು.

ಬೇಸಿಗೆ ರಜೆಗೆ ಅವಳನ್ನು ಯಳಂದೂರಿನ ಆಪಾ ಮನೆಗೆ ಬಿಟ್ಟುಬಂದೆ. ಅಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಸಂಜೆ ಬೀದಿಯ ಮಕ್ಕಳನ್ನೆಲ್ಲ ಸೇರಿಸುತ್ತಾರೆ. ಸೋಲಿಗ ಹುಡುಗರು, ನಮ್ಮವರು, ದಪ್ಪನೆಯವರು, ಸಣಕಲರು, ಎಲ್ಲರೂ. ಒಂದು ಉದ್ದನೆಯ ಪುಸ್ತಕ. ಒಬ್ಬೊಬ್ಬರಿಗೆ ಒಂದೊಂದು ಪುಟ. ಓಡಿದ ಸಮಯವನ್ನು ಬರೆದು ಆ ಮಗುವಿಗೆ ಮಾತ್ರ ತೋರಿಸುತ್ತಾರೆ. ಮೊದಲು ಬಂದವರು ಯಾರೆಂದು ಕೇಳಿದರೆ, "ನಾನು ನೋಡ್ನಿಲ್ಲ ಕಣಪ್ಪಾ" ಎನ್ನುತ್ತಾರಂತೆ. ಮೊದಲ ವಾರ ಮಗಳು ಜಗಲಿಯಲ್ಲಿ ಕೂತು ನೋಡಿದಳು. ಎರಡನೇ ವಾರ ಆಪಾ ಫೋನು ಮಾಡಿದರು: "ನಿನ್ನ ಮಗಳ ಚಪ್ಪಲಿ ಕಿತ್ತುಹೋಗಿದೆ, ಶೂ ತಗೊಂಡು ಬಾ."

ಈಗ ಕೊಳ್ಳೇಗಾಲದಲ್ಲಿ ಮತ್ತೆ ಆಡುತ್ತಾಳೆ. ನನಗೂ ಬರಲು ಅಪ್ಪಣೆಯಿದೆ, ಮಾತಾಡಕೂಡದು ಎಂಬ ಷರತ್ತಿನ ಮೇಲೆ. ಬಾಟಲಿ ಹಿಡಿದು ನಿಲ್ಲುತ್ತೇನೆ. ಹೋದ ತಿಂಗಳು ಅವಳೇ ಒಂದು ನೋಟ್ ಪುಸ್ತಕ ತಂದು ನನ್ನ ಹೆಸರಿಗೊಂದು ಪುಟ ತೆರೆದಳು. ಬಯಲನ್ನು ಎರಡು ಸುತ್ತು ನಡೆದು ಏದುಸಿರು ಬಿಡುತ್ತ ಬಂದೆ. ಗಡಿಯಾರ ನೋಡಿ ಬರೆದುಕೊಂಡಳು.

"ಎಷ್ಟಾಯಿತು?" ಎಂದೆ.

"ನಾಳೆ ಬನ್ನಿ ಅಬ್ಬಾ, ಆಮೇಲೆ ಹೇಳ್ತೀನಿ."